ಅಲ್ಮಿರಾಂತೆ ಕುಣಿದದ್ದು ಯಾಕೆ

ಆ ವರ್ಷ ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಅಲ್ಮಿರಾಂತೆ ಕುಣಿಯಲು ಶುರು ಮಾಡಿದ.

ಮೊದಲು ನೋಡಿದ್ದು ಕ್ಷೌರದಂಗಡಿಯ ಕುಸ್ತೋದಿಯು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತ ತಲೆ ಎತ್ತಿದರೆ, ಎದುರು ಮನೆಯ ಕಿಟಕಿಯ ಪಂಜರದಲ್ಲಿ ಬೂದು ಬಣ್ಣದ ಗಿಳಿ ಅಲ್ಮಿರಾಂತೆ ತಲೆಯನ್ನು ಅತ್ತ ಇತ್ತ ಅಲ್ಲಾಡಿಸುತ್ತಿದ್ದ. ಒಂದು ಹೆಜ್ಜೆ ಎಡಕ್ಕೆ ಇಟ್ಟು, ತುಸು ಓಲಾಡಿ, ರೆಕ್ಕೆ ಬಿಚ್ಚಿ ಸಾವರಿಸಿಕೊಂಡು, ಮತ್ತೆ ನೆಟ್ಟಗೆ ನಿಲ್ಲುತ್ತಿದ್ದ. ಕುಸ್ತೋದಿಯು ಕತ್ತರಿ ಬಾಚಣಿಗೆ ಬಿಟ್ಟು ಬೀದಿಗೆಲ್ಲ ಸುದ್ದಿ ಮುಟ್ಟಿಸಿದ. ಈ ವಯಸ್ಸಿನಲ್ಲಿ ಅಲ್ಮಿರಾಂತೆ ಮೆರವಣಿಗೆಯ ಕುಣಿತ ಕಲಿತಿದ್ದಾನೆ ಎಂದ.

ಪೋರ್ಚುಗಲ್ಲಿನ ದಕ್ಷಿಣ ಕರಾವಳಿಯ ಆ ಊರಿನಲ್ಲಿ ಜೂನ್ ತಿಂಗಳು ಬಂತೆಂದರೆ ಸಂತರ ಹಬ್ಬ. ಒಂದೊಂದು ಬೀದಿಯವರೂ ಬಣ್ಣದ ಕಾಗದದ ಮಾಲೆ ಕಟ್ಟಿ, ಸಾಲಾಗಿ ಕುಣಿದುಕೊಂಡು ಬಂದರಿನ ತನಕ ಹೋಗುತ್ತಾರೆ. ಈ ದೋಣಿಬಡಗಿಗಳ ಬೀದಿಯವರ ಮುಂದುಗಡೆ ಹೋಗುವುದು ಗಿಳಿಯ ಯಜಮಾನ ಅನಿಸೆತು ವಿಯೇಗಸ್. ಅವನ ಭುಜದ ಮೇಲೆ ಅಲ್ಮಿರಾಂತೆ. ಹಡಗು ಪಡೆಯ ದೊಡ್ಡ ದಂಡನಾಯಕನನ್ನು ಅವರ ಭಾಷೆಯಲ್ಲಿ ಹಾಗೆ ಕರೆಯುತ್ತಾರೆ, ಗಿಳಿಯ ಗತ್ತು ನೋಡಿ ಇಟ್ಟ ಹೆಸರು. ಬೀದಿಯವರು ಒಟ್ಟಾಗಿ, "ದೋಣಿ ಕಟ್ಟಿದ್ದು ಈ ಬೀದಿ, ಕಡಲ ಗೆದ್ದದ್ದು ಈ ಬೀದಿ, ನೀವು ದಡದಲ್ಲೇ ನಿಂತಿದ್ರಿ" ಎಂದು ಹಾಡಿ ನಿಲ್ಲಿಸಿದರೆ, ಉಳಿದ ಸಾಲನ್ನು ಗಿಳಿ ಹೇಳುತ್ತಿದ್ದ: "ಹೆಸರೇನಪ್ಪಾ ನಿಮ್ಮ ಬೀದಿ?" ಆ ಸಾಲಿಗೆ ಎದುರಾಳಿ ಉಪ್ಪಿನ ಬೀದಿಯವರ ಮುಖ ಇಂಗು ತಿಂದ ಮಂಗನ ಹಾಗೆ ಆಗುತ್ತಿತ್ತು.

ಅನಿಸೆತು ಜೀವಮಾನವೆಲ್ಲ ಮರದ ದೋಣಿ ಕಟ್ಟಿದವನು. ಅವನು ಕಟ್ಟಿದ ದೋಣಿಗಳು ಇವತ್ತಿಗೂ ಸಾರ್ಡೀನ್ ಮೀನು ತುಂಬಿಕೊಂಡು ಬಂದರಿಗೆ ಬರುತ್ತವೆ. ಕೈ ನಡುಗಲು ಶುರುವಾದ ಮೇಲೆ ಉಳಿ ಸುತ್ತಿಗೆ ಎತ್ತಿಟ್ಟಿದ್ದ. ಎದೆ ಸೆಟೆಸಿ ಹೇಳಿಕೊಳ್ಳಲು ಈಗ ಅವನಿಗೆ ಉಳಿದದ್ದು ಆ ಗಿಳಿ. ಬೀದಿಯವರಿಗೂ ಅಷ್ಟೇ. ಯಾರ ಮನೆಗೆ ಗಿಳಿಮರಿ ಬಂದರೂ ವಸಂತದಲ್ಲಿ ಅದನ್ನು ಅಲ್ಮಿರಾಂತೆಯ ಬಳಿ ತಂದು ಬಿಡುತ್ತಿದ್ದರು. ದೊಡ್ಡ ಪಂಜರದಲ್ಲಿ ಗುರುವಿನ ಪಕ್ಕದಲ್ಲೇ ಕೂತು, ಅವನ ಬಟ್ಟಲಿನಲ್ಲೇ ತಿಂದು, ಕೆಲವು ವಾರ ಇದ್ದು ಮರಿ ಮಾತು ಕಲಿತು ಮನೆಗೆ ಹೋಗುತ್ತಿತ್ತು. ಇದಕ್ಕೆ ಅವರು ಶಾಲೆಗೆ ಹಾಕುವುದು ಅನ್ನುತ್ತಿದ್ದರು. ಹೋದ ವರ್ಷ ಕುಸ್ತೋದಿಯುವಿನ ಗಿಳಿ ಶಾಲೆ ಮುಗಿಸಿ ಹೋಗಿತ್ತು.

ಕುಣಿತದ ಸುದ್ದಿ ಹಬ್ಬಿದ ಮೇಲೆ ಅನಿಸೆತುವಿನ ಕಿಟಕಿಯ ಕೆಳಗೆ ದಿನವೂ ಜನ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ಗಿಳಿ ಓಲಾಡಿದಾಗಲೆಲ್ಲ ಚಪ್ಪಾಳೆ ತಟ್ಟಿದರು. ಹಬ್ಬದ ಸಮಿತಿಯವರು ಬಂದು, ಈ ಸಲ ಬಂದರಿನಲ್ಲಿ ಗಿಳಿಗೆಂದೇ ಒಂದು ಪುಟ್ಟ ವೇದಿಕೆ ಹಾಕುವುದಾಗಿ ಹೇಳಿಹೋದರು. ಅನಿಸೆತು ಆ ದಿನಗಳಲ್ಲಿ ಹತ್ತು ವರ್ಷ ಚಿಕ್ಕವನಾದ ಹಾಗೆ ಓಡಾಡಿದ.

ಶಾಲೆ ಶುರುವಾಗುವ ಭಾನುವಾರ ಲಿಯೊನಿಲ್ದಾ ತನ್ನ ಮರಿಯನ್ನು ಪಂಜರದಲ್ಲಿ ಹಿಡಿದುಕೊಂಡು ಬಂದಳು. ಮರಿಯ ಹೆಸರು ಪಿಮೆಂತಾ. ಲಿಯೊನಿಲ್ದಾ ಮೂರು ಮನೆ ಆಚೆಯವಳು. ಅವಳ ಮಗಳ ಜ್ಞಾನಸ್ನಾನದಲ್ಲಿ ಅನಿಸೆತು ಧರ್ಮಪಿತನಾಗಿ ನಿಂತಿದ್ದ. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ. ಆ ಕಡೆ ಈ ನಂಟು ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚೇ.

ಅನಿಸೆತುವಿನ ಹೆಂಡತಿ ಫೆಲಿಸ್ಬೆಲಾ ಕಾಫಿ ತಂದಿಟ್ಟಳು. ಗಿಳಿ ಎಷ್ಟು ಚೆನ್ನಾಗಿ ತಿನ್ನುತ್ತಿದ್ದಾನೆ ಎಂದು ಅನಿಸೆತು ವರ್ಣಿಸಿದ. ಮೊದಲು ಬೆಳಿಗ್ಗೆ ಒಂದು ಬಟ್ಟಲು ಸೂರ್ಯಕಾಂತಿ ಬೀಜ ಸಾಕಾಗುತ್ತಿತ್ತಂತೆ. ಈಗ ಮಧ್ಯಾಹ್ನಕ್ಕೆ ಇನ್ನೊಂದು ಬಟ್ಟಲು ಕೇಳುತ್ತಾನಂತೆ. ಲಿಯೊನಿಲ್ದಾ ಕಾಫಿ ಮುಟ್ಟಲಿಲ್ಲ. ಪಂಜರದ ಹತ್ತಿರ ಹೋಗಿ ಗಿಳಿಯನ್ನು ನೋಡುತ್ತ ನಿಂತಳು. ಆಮೇಲೆ ಬಗ್ಗಿ ಪಂಜರದ ತಳದ ತಟ್ಟೆಯನ್ನು ಹೊರಗೆಳೆದು, ಹಿಕ್ಕೆ ಬಿದ್ದ ಕಾಗದವನ್ನು ಬೆಳಕಿಗೆ ಹಿಡಿದಳು. ಹಿಕ್ಕೆಯಲ್ಲಿ ಸಿಪ್ಪೆ ಬಿಡಿಸಿದ ಬೀಜಗಳು ತಿಂದ ಹಾಗೇ ಇಡಿಯಾಗಿದ್ದವು.

"ಕೊಂಪಾದ್ರೆ, ಇದು ಕುಣಿತ ಅಲ್ಲ," ಎಂದಳು.

"ಮತ್ತೇನು, ಜಪ ಮಾಡ್ತಿದ್ದಾನಾ?"

"ಅವನಿಗೆ ಹುಷಾರಿಲ್ಲ. ಲಿಸ್ಬನ್ನಲ್ಲಿದ್ದಾಗ ನನ್ನ ಎರಡು ಮಕಾವು ಗಿಳಿ ಹೀಗೇ ಇದ್ದವು. ಹೊಟ್ಟೆ ತುಂಬ ತಿಂತಿದ್ದವು, ಮೈಗೆ ಹತ್ತುತ್ತಿರಲಿಲ್ಲ. ಕೊನೆಕೊನೆಗೆ ಕಡ್ಡಿ ಮೇಲೆ ಕೂರೋಕೂ ಆಗದೆ ಬೀಳ್ತಿದ್ದವು. ನಾನು ವಯಸ್ಸಾಯ್ತು ಅಂದ್ಕೊಂಡು ಸುಮ್ಮನಿದ್ದೆ, ಎರಡೂ ಸತ್ತುಹೋದವು. ನೀನು ಸುಮ್ಮನಿರಬೇಡ. ಹಕ್ಕಿ ಡಾಕ್ಟರಿಗೆ ತೋರಿಸು."

ಇಷ್ಟು ಹೇಳಿ ಅವಳು ಪಿಮೆಂತಾಳ ಪಂಜರವನ್ನು ಎತ್ತಿಕೊಂಡಳು. ಪರೀಕ್ಷೆಯಾಗುವ ತನಕ ತನ್ನ ಮರಿಯನ್ನು ಇಲ್ಲಿ ಬಿಡುವುದಿಲ್ಲ, ಬೇರೆ ಯಾರೂ ಬಿಡದಿದ್ದರೆ ಒಳ್ಳೆಯದು ಎಂದಳು. ಬಾಗಿಲ ಹೊರಗೆ ತಮ್ಮ ತಮ್ಮ ಮರಿ ಹಿಡಿದು ಕಾಯುತ್ತಿದ್ದ ಇಬ್ಬರು ಇದನ್ನು ಕೇಳಿಸಿಕೊಂಡರು.

ಅನಿಸೆತುವಿನ ಕಿವಿ ಕೆಂಪಾಯಿತು. ಬೀದಿಯ ಎದುರಿನಲ್ಲಿ ತನ್ನ ಮನೆಯ ಶಾಲೆಯಿಂದ ಒಬ್ಬಳು ಮಗುವನ್ನು ಬಿಡಿಸಿಕೊಂಡು ಹೋದ ಹಾಗಾಗಿತ್ತು ಅವನಿಗೆ. ಇದು ಹೊಟ್ಟೆಕಿಚ್ಚು ಎಂದ. ಅವಳ ಗಿಳಿಗಳು ಸತ್ತವು ಅಂತ ಊರ ಗಿಳಿಗಳೆಲ್ಲ ಸಾಯಬೇಕೇ ಎಂದ. ಅಂದಿನಿಂದ ಮಾತು ಬಿಟ್ಟ. ದಾರಿಯಲ್ಲಿ ಅವಳು ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಕೊಂಡು ಹೋಗುತ್ತಿದ್ದ. ಆದರೂ ಕಾಯುತ್ತಿದ್ದ ಇಬ್ಬರಿಗೆ ಒಳಗೆ ಬನ್ನಿ ಅನ್ನಲಿಲ್ಲ. ಮುಂದಿನ ವಾರ ನೋಡೋಣ ಎಂದು ಕಳಿಸಿದ್ದ. ಯಾಕೆ ಹಾಗೆ ಅಂದೆ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಫೆಲಿಸ್ಬೆಲಾ ವಾದಕ್ಕೆ ಹೋಗಲಿಲ್ಲ. ದಿನವೂ ಪಂಜರದ ಕಾಗದ ಬದಲಿಸುವವಳು ಅವಳೇ. ಇಡಿ ಬೀಜ ಬರುತ್ತಿದ್ದುದನ್ನು ಅವಳೂ ನೋಡಿದ್ದಳು, ಅಂಗಡಿಯವನು ಹಳೆಯ ಮಾಲು ಕೊಟ್ಟಿದ್ದಾನೆ ಎಂದುಕೊಂಡಿದ್ದಳು. ಒಂದೆರಡು ಸಲ ಗಿಳಿ ತಿಂದದ್ದನ್ನು ಕಕ್ಕಿದ್ದ. ತನ್ನ ಮೇಲಿನ ಪ್ರೀತಿಗೆ ಗುಟುಕು ಕೊಡಲು ಬಂದ ಎಂದು ಅವಳು ನಕ್ಕಿದ್ದಳು. ಈಗ ಒಂದೊಂದೂ ಬೇರೆಯಾಗಿ ಕಾಣತೊಡಗಿತು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವಳು ಅವಳು. ಕೈಗೆ ಬಂದದ್ದು ಎಷ್ಟು ತೂಗುತ್ತದೆಂದು ಹೇಳಲು ಅವಳಿಗೆ ತಕ್ಕಡಿ ಬೇಡ. ಒಂದು ಬೆಳಿಗ್ಗೆ ಗಿಳಿಯನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗಂಡನನ್ನು ಕರೆದಳು.

"ಇವನ ಎದೆ ಮುಟ್ಟಿ ನೋಡು."

"ಯಾಕೆ, ಆ ಕೊಮಾದ್ರೆ ನಿನ್ನ ಕಿವಿ ಊದಿ ಹೋದ್ಲಾ?"

"ಅವಳ ಮಾತು ಬಿಡು. ನಿನ್ನ ಕೈ ಏನು ಹೇಳುತ್ತೆ ನೋಡು."

ಅನಿಸೆತು ಬೇಸರದಿಂದಲೇ ಬೆರಳನ್ನು ಗರಿಗಳ ಒಳಗೆ ತೂರಿಸಿದ. ಗಿಳಿಯ ಎದೆಯ ನಡುವಿನ ಮೂಳೆ ಬೆರಳಿಗೆ ನೇರ ಸಿಕ್ಕಿತು, ಅಲಗಿನ ಹಾಗೆ. ಅದರ ಎರಡು ಬದಿಗೂ ತುಂಬಿಕೊಂಡಿರಬೇಕಾದ ಮಾಂಸ ಇರಲಿಲ್ಲ. ಬೆರಳು ಜಾರಿ ಹಳ್ಳಕ್ಕಿಳಿಯಿತು. ಅವನು ಎಷ್ಟೋ ದೋಣಿಗಳ ತಳದ ನಡುಮರವನ್ನು ಹೀಗೆ ಸವರಿ ನೋಡಿದ್ದಾನೆ. ಹಲಗೆ ಹೊದಿಸುವ ಮುಂಚೆ ದೋಣಿ ಹೀಗೇ ಇರುತ್ತದೆ, ಬರೀ ನಡುಮರ, ಬರೀ ಪಕ್ಕೆಲುಬು. ಹಾಗಿರುವ ದೋಣಿಯನ್ನು ಯಾರೂ ನೀರಿಗಿಳಿಸುವುದಿಲ್ಲ. ಮೇಲಿನಿಂದ ನೋಡಿದರೆ ಗರಿ ಎಲ್ಲವನ್ನೂ ಮುಚ್ಚಿತ್ತು. ಬಣ್ಣ ಬಳಿದ ಹಳೆ ದೋಣಿಯನ್ನು ಹೊರಗಿನಿಂದ ನೋಡಿ ಮೆಚ್ಚಿಕೊಂಡು ಹೋಗುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ನಗು. ಈಗ ತಾನೇ ಅವರಲ್ಲೊಬ್ಬನಾಗಿದ್ದ.

ಆ ದಿನವೇ ಇಬ್ಬರೂ ಫಾರು ಪಟ್ಟಣಕ್ಕೆ ಹೊರಟರು. ಅಲ್ಲಿ ಹಕ್ಕಿಗಳನ್ನು ನೋಡುವ ವೈದ್ಯೆ ಒತೀಲಿಯಾ ಫರ್ರಜೋತಾ ಇದ್ದರು. ಬಸ್ಸಿನಲ್ಲಿ ಅನಿಸೆತು ಪಂಜರಕ್ಕೆ ಬಟ್ಟೆ ಹೊದಿಸಿ ತೊಡೆಯ ಮೇಲಿಟ್ಟುಕೊಂಡ. ಒಳಗಿನಿಂದ ಗಿಳಿ ನಿಲ್ದಾಣ ನಿಲ್ದಾಣಕ್ಕೂ ಹೆಸರೇನಪ್ಪಾ ಎಂದು ಕೇಳುತ್ತಿದ್ದ.

ವೈದ್ಯೆ ಗಿಳಿಯನ್ನು ಪುಟ್ಟ ತಕ್ಕಡಿಯ ಮೇಲೆ ನಿಲ್ಲಿಸಿದರು. ಇರಬೇಕಾದ ತೂಕದಲ್ಲಿ ಕಾಲು ಪಾಲು ಕರಗಿಹೋಗಿತ್ತು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಫೆಲಿಸ್ಬೆಲಾ ಉತ್ತರಿಸಿದಳು. ಹಿಕ್ಕೆ ಹೇಗಿದೆ, ಕಕ್ಕುತ್ತಾನಾ, ಕಡ್ಡಿಯಿಂದ ಬಿದ್ದದ್ದುಂಟಾ, ಬೇರೆ ಗಿಳಿಗಳ ಜೊತೆ ಇರುತ್ತಾನಾ. ಕೊನೆಯ ಪ್ರಶ್ನೆಗೆ ಅನಿಸೆತುವೇ ಉತ್ತರ ಕೊಡಬೇಕಾಯಿತು. ಪ್ರತಿ ವಸಂತದಲ್ಲೂ ಎಂದ.

ಇದೇ ಲಕ್ಷಣ ಸೀಸದ ವಿಷದಿಂದಲೂ ಬರಬಹುದು, ಹೊಟ್ಟೆಯ ಬೇರೆ ಸೋಂಕುಗಳಿಂದಲೂ ಬರಬಹುದು, ನೋಡಿದ ಕೂಡಲೇ ಹೆಸರು ಹೇಳಬಾರದು ಎಂದರು ವೈದ್ಯೆ. ಸೀಸ ಎಂದ ಕೂಡಲೇ ಅನಿಸೆತುವಿನ ಮುಖ ಅರಳಿತು. ಮನೆಯ ಹಿಂದೆ ಹಳೆಯ ದೋಣಿಬಣ್ಣದ ಡಬ್ಬಿಗಳಿವೆ, ಅದರಲ್ಲಿ ಸೀಸ ಇತ್ತು, ಗಿಳಿ ಕುಕ್ಕಿರಬೇಕು ಎಂದ. ಅದಕ್ಕೆ ಮದ್ದಿದೆಯಲ್ಲ ಎಂದು ಎರಡು ಸಲ ಕೇಳಿದ. ರಕ್ತ ತೆಗೆದು ನೋಡಿದರು. ಸೀಸ ಇರಲಿಲ್ಲ. ಬೇರೆ ಸೋಂಕೂ ಕಾಣಲಿಲ್ಲ. ಬಿಳಿಯ ದ್ರವ ಕುಡಿಸಿ ಎಕ್ಸ್‌ರೇ ತೆಗೆದರು. ಅದರಲ್ಲಿ ಗಿಳಿಯ ಹೊಟ್ಟೆ ಊದಿದ ಚೀಲದ ಹಾಗೆ ಕಂಡಿತು. ಗುದದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಂದ ಬಂದ ಉತ್ತರ ಹೀಗಿತ್ತು: ಬೋರ್ನಾ ಎಂಬ ವೈರಾಣು ಇದೆ.

ಉತ್ತರ ಬಂದ ದಿನ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಗಿಳಿಗೆ ಹಲ್ಲಿಲ್ಲ. ಅದರ ಹೊಟ್ಟೆಗೆ ಎರಡು ಕೋಣೆ. ಮೊದಲನೆಯದು ಆಹಾರಕ್ಕೆ ಜೀರ್ಣರಸ ಸೇರಿಸಿ ಮುಂದಕ್ಕೆ ತಳ್ಳುತ್ತದೆ, ಎರಡನೆಯದು ಬೀಸುವ ಕಲ್ಲಿನ ಹಾಗೆ ಅರೆಯುತ್ತದೆ. ಈ ಎರಡನ್ನೂ ನಡೆಸುವುದು ಹೊಟ್ಟೆಯ ನರಗಳು. ಈ ವೈರಾಣು ಹೋಗಿ ಕೂರುವುದು ನರಗಳಲ್ಲೇ. ಅದನ್ನು ಓಡಿಸಲು ಮೈ ಹೋರಾಡುತ್ತದೆ, ಆ ಹೋರಾಟದಲ್ಲಿ ನರಗಳಿಗೇ ಪೆಟ್ಟಾಗುತ್ತದೆ. ಆಗ ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ತಿಂದದ್ದು ಅಲ್ಲೇ ನಿಂತು ಹೊಟ್ಟೆ ಹಿಗ್ಗುತ್ತದೆ, ಉಳಿದದ್ದು ಅರೆಯದೆ ಹಾಗೇ ಹೊರಬೀಳುತ್ತದೆ. ತುಂಬಿದ ಬಟ್ಟಲಿನ ಮುಂದೆ ಕೂತು ಗಿಳಿ ಉಪವಾಸ ಬೀಳುತ್ತದೆ. ಮಿದುಳಿನ ನರಗಳಿಗೂ ಹಾಗೇ ಆದರೆ ತಲೆ ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ, ಕೆಲವಕ್ಕೆ ಸೆಳೆತ ಬರುತ್ತದೆ.

ಅನಿಸೆತು ಎಕ್ಸ್‌ರೇ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡ.

"ಹಾಗಾದ್ರೆ ಅವನು ಕುಣೀತಿರಲಿಲ್ವಾ, ಡಾಕ್ಟ್ರೆ?"

"ಇಲ್ಲ. ಬೀಳದ ಹಾಗೆ ನಿಲ್ಲೋಕೆ ಕಷ್ಟಪಡ್ತಿದ್ದ."

"ನಾವು ಚಪ್ಪಾಳೆ ತಟ್ಟಿದ್ವಿ."

ಗಿಳಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ, ಕಾಡಿನಲ್ಲಿ ಸೊರಗಿದ ಹಕ್ಕಿಯ ಮೇಲೆ ಹದ್ದಿನ ಕಣ್ಣು ಮೊದಲು ಬೀಳುತ್ತದೆ, ಆದ್ದರಿಂದ ಮನೆಯವರಿಗೆ ತಡವಾಗಿ ಗೊತ್ತಾಗುವುದು ಹೊಸದಲ್ಲ ಎಂದರು ವೈದ್ಯೆ. ಆಮೇಲೆ ಮುಂದಿನ ದಾರಿಗೆ ಬಂದರು. ವೈರಾಣುವನ್ನು ಕೊಲ್ಲುವ ಮದ್ದು ಇಲ್ಲ, ಲಸಿಕೆಯೂ ಇಲ್ಲ. ಆದರೆ ನರಗಳ ಊತ ಇಳಿಸಲು ಔಷಧಿ ಕೊಟ್ಟು ನೋಡಬಹುದು. ಗಟ್ಟಿ ಬೀಜ ನಿಲ್ಲಿಸಿ ಬೇಗ ಕರಗುವ ಮೆತ್ತನೆಯ ಆಹಾರ ಕೊಡಬೇಕು. ಕೂರುವ ಕಡ್ಡಿ ತಗ್ಗಿನಲ್ಲಿರಬೇಕು, ಕೆಳಗೆ ದಪ್ಪ ಬಟ್ಟೆ ಹಾಸಿರಬೇಕು, ಸುತ್ತ ಗದ್ದಲ ಇರಬಾರದು. ಹೀಗೆ ನೋಡಿಕೊಂಡ ಗಿಳಿಗಳಲ್ಲಿ ಕೆಲವು ವರ್ಷಗಟ್ಟಲೆ ಬದುಕಿವೆ. ಕೆಲವು ಬದುಕಿಲ್ಲ. ಮಾತು ಕೊಡಲು ಬರುವುದಿಲ್ಲ ಎಂದರು. ಮನುಷ್ಯರಿಗೂ ತಗಲುತ್ತದಾ ಎಂದು ಫೆಲಿಸ್ಬೆಲಾ ಕೇಳಿದಳು. ಇದುವರೆಗೆ ತಿಳಿದಿರುವ ಮಟ್ಟಿಗೆ ಗಿಳಿಗಳ ಈ ವೈರಾಣು ಮನುಷ್ಯರಿಗೆ ತಗಲಿಲ್ಲ. ಆದರೆ ಜೊತೆಯಲ್ಲಿರುವ ಬೇರೆ ಗಿಳಿಗಳಿಗೆ ತಗಲಬಹುದು.

"ಅವನ ಜೊತೆ ಯಾವ ಮರಿಯನ್ನೂ ಬಿಡಬೇಡಿ," ಎಂದರು. "ಹಿಂದೆ ಜೊತೆಗಿದ್ದ ಗಿಳಿಗಳಿಗೆ ಪರೀಕ್ಷೆ ಆಗಲಿ. ಅವುಗಳ ಮನೆಯವರಿಗೆ ಹೇಳೋ ಕೆಲಸ ನಿಮ್ಮದು."

ಬಸ್ಸಿನಲ್ಲಿ ವಾಪಸು ಬರುವಾಗ ಅನಿಸೆತುವಿನ ತಲೆಯಲ್ಲಿ ಕೊನೆಯ ಮಾತೇ ಸುತ್ತುತ್ತಿತ್ತು. ಗಿಳಿಗೆ ವಯಸ್ಸಾಯಿತು, ಇನ್ನು ಶಾಲೆ ಇಲ್ಲ ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಹೆಂಡತಿಯನ್ನು ಕೇಳಿದ. ಮರ್ಯಾದೆಯೂ ಉಳಿಯುತ್ತದೆ, ಮರಿಗಳೂ ಉಳಿಯುತ್ತವೆ. ಹೋದ ವರ್ಷದ ಗಿಳಿಯ ಗತಿ ಏನು ಎಂದಳು ಫೆಲಿಸ್ಬೆಲಾ. ಕುಸ್ತೋದಿಯು ಈ ಬೇಸಿಗೆಯಲ್ಲಿ ಅದಕ್ಕೆ ಜೋಡಿ ತರುವುದಾಗಿ ಹೇಳುತ್ತಿದ್ದ. ಆ ಜೋಡಿಯ ಗತಿ ಏನು?

"ಊರೆಲ್ಲ ಆಡ್ಕೊಳ್ತಾರೆ," ಎಂದ ಅನಿಸೆತು.

"ನಿನ್ನ ದೋಣಿ ಒಂದು ಸಲ ನೀರು ಕುಡೀತು, ನೆನಪಿದೆಯಾ? ಆಗ ಬಂದರಿಗೆ ಓಡಿಹೋಗಿ, ಯಾರೂ ಹತ್ತಬೇಡಿ, ತಪ್ಪು ನನ್ನದು ಅಂತ ಕೂಗಿದವನು ನೀನೇ. ನಾನು ಅವತ್ತು ನಿನ್ನನ್ನ ನೋಡಿ ಮದುವೆಗೆ ಒಪ್ಪಿದ್ದು. ನಿನ್ನ ಮೀಸೆ ನೋಡಿ ಅಲ್ಲ."

ಅನಿಸೆತು ಕಿಟಕಿಯ ಕಡೆ ತಿರುಗಿಕೊಂಡ. ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ.

ಅಂದು ಸಂಜೆ ಬೀದಿಯವರು ಕುಸ್ತೋದಿಯುವಿನ ಅಂಗಡಿ ಮುಂದೆ ಮೇಜು ಹಾಕಿಕೊಂಡು ಹಬ್ಬಕ್ಕೆ ಕಾಗದದ ಹೂ ಮಾಡುತ್ತಿದ್ದರು. ಲಿಯೊನಿಲ್ದಾಳೂ ಒಂದು ತುದಿಯಲ್ಲಿ ಕೂತಿದ್ದಳು. ಅನಿಸೆತು ನೇರವಾಗಿ ಅಲ್ಲಿಗೆ ಹೋದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೆರವಣಿಗೆಯ ಮುಂದೆ ನಿಲ್ಲುವಾಗ ನಿಲ್ಲುತ್ತಿದ್ದ ಹಾಗೇ ನೆಟ್ಟಗೆ ನಿಂತ.

"ಎಲ್ಲರೂ ಕೇಳಿ. ನಾವು ಕುಣಿತ ಅಂದ್ಕೊಂಡದ್ದು ಕಾಯಿಲೆ. ಅಲ್ಮಿರಾಂತೆಯ ಹೊಟ್ಟೆಗೂ ನರಕ್ಕೂ ಬಂದಿದೆ. ಅವನಿನ್ನು ಯಾರ ಮರಿಗೂ ಪಾಠ ಹೇಳಲ್ಲ, ವೇದಿಕೆಗೂ ಬರಲ್ಲ. ಕುಸ್ತೋದಿಯು, ನಿನ್ನ ಗಿಳಿ ಹೋದ ವರ್ಷ ನನ್ನ ಮನೇಲಿತ್ತು. ಅದಕ್ಕೆ ಪರೀಕ್ಷೆ ಮಾಡಿಸು. ಅಲ್ಲಿ ತನಕ ಜೋಡಿ ತರಬೇಡ. ಕೊಮಾದ್ರೆ ಮೊದಲೇ ಹೇಳಿದ್ಲು. ನಾನು ಅವಳಿಗೆ ಹೊಟ್ಟೆಕಿಚ್ಚು ಅಂದೆ. ಅದು ತಪ್ಪು."

ಎಲ್ಲರೂ ಕ್ಷೌರಿಕನ ಮುಖ ನೋಡಿದರು. ಕುಸ್ತೋದಿಯು ಗದ್ದ ಕೆರೆದುಕೊಂಡ.

"ನನ್ನ ಗಿಳಿ ನಿನ್ನ ಶಾಲೇಲಿ ಬರೀ ಬೈಗುಳ ಕಲಿತು ಬಂತು," ಎಂದ. "ಇನ್ನೇನು ಕಲಿತಿದೆ ಅಂತ ನೋಡೇಬಿಡೋಣ."

ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಲಿಯೊನಿಲ್ದಾ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿದಳು.

"ಕೂತ್ಕೋ ಕೊಂಪಾದ್ರೆ. ಇಷ್ಟು ದಿನ ರಸ್ತೆ ದಾಟಿ ದಾಟಿ ನಿನ್ನ ಚಪ್ಪಲಿ ಸವೆದಿರಬೇಕು."

ಮುಂದಿನ ವಾರ ವೈದ್ಯೆ ಒತೀಲಿಯಾ ತಾವೇ ಬಂದರು. ಲಿಯೊನಿಲ್ದಾ ಮನೆಮನೆಗೆ ಹೋಗಿ ತಿಳಿಸಿದ್ದರಿಂದ ಬೀದಿಯ ಗಿಳಿಗಳೆಲ್ಲ ಕ್ಷೌರದಂಗಡಿಗೆ ಬಂದವು. ಅಲ್ಲಿ ಒಟ್ಟಿಗೆ ಇಡಬಾರದೆಂದು ಒಂದು ಗಿಳಿ ಹೊರಗೆ ಹೋದ ಮೇಲೆ ಇನ್ನೊಂದನ್ನು ಒಳಗೆ ಕರೆದರು. ಪ್ರತಿ ಸಲವೂ ಮೇಜು ಒರೆಸಿದರು, ಕೈ ತೊಳೆದರು. ಕೆಲವು ದಿನಗಳ ಮೇಲೆ ಪ್ರಯೋಗಾಲಯದಿಂದ ಉತ್ತರ ಬಂತು: ಪಿಮೆಂತಾಳಲ್ಲಿ ವೈರಾಣು ಸಿಗಲಿಲ್ಲ. ಉಳಿದ ಮರಿಗಳಲ್ಲೂ, ಹಳೆಯ ಶಿಷ್ಯ ಗಿಳಿಗಳಲ್ಲೂ ಇರಲಿಲ್ಲ. ಕುಸ್ತೋದಿಯುವಿನ ಗಿಳಿಯಲ್ಲಿ ಇತ್ತು. ಆ ಗಿಳಿ ದುಂಡಗಿತ್ತು, ಗರಿ ಹೊಳೆಯುತ್ತಿತ್ತು, ವೈದ್ಯೆಯ ಬೆರಳು ಕಚ್ಚಿ ಬೈದಿತ್ತು. ಅದನ್ನು ಏನು ಮಾಡಲಿ, ಯಾರಿಗಾದರೂ ಕೊಟ್ಟುಬಿಡಲೇ ಎಂದು ಕುಸ್ತೋದಿಯು ಸಣ್ಣ ದನಿಯಲ್ಲಿ ಕೇಳಿದ.

ಎಲ್ಲಿಗೂ ಕೊಡಬೇಡಿ, ಇನ್ನೊಂದು ಮನೆಗೆ ಕಳಿಸಿದರೆ ಕಾಯಿಲೆಯನ್ನೂ ಕಳಿಸಿದಂತೆ ಎಂದರು ವೈದ್ಯೆ. ವೈರಾಣು ಇದ್ದ ಗಿಳಿಗಳೆಲ್ಲ ಕಾಯಿಲೆ ಬೀಳುವುದಿಲ್ಲ. ಎಷ್ಟೋ ಗಿಳಿಗಳು ಅದನ್ನು ಒಳಗಿಟ್ಟುಕೊಂಡೇ ಪೂರ್ತಿ ಆಯಸ್ಸು ಕಳೆಯುತ್ತವೆ. ಅದು ಒಂಟಿಯಾಗಿರಲಿ, ಮನೆಯವರೇ ಅದಕ್ಕೆ ಜೊತೆಯಾಗಲಿ, ತೂಕ ನೋಡುತ್ತಿರಲಿ ಎಂದರು. ವೈರಾಣು ಸಿಗದ ಗಿಳಿಗಳಿಗೂ ಕೆಲವು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಬೇಕು. ವೈರಾಣು ಹಿಕ್ಕೆಯಲ್ಲಿ ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ, ಒಂದೇ ಪರೀಕ್ಷೆಯನ್ನು ನಂಬಿ ಕೂರಬಾರದು. ಕುಸ್ತೋದಿಯು ಗಿಳಿಯನ್ನು ಅಂಗಡಿಯ ಒಳಗೆ ಕನ್ನಡಿಯ ಹತ್ತಿರ ಇಟ್ಟುಕೊಂಡ. ಗಡ್ಡ ಹೆರೆಸಿಕೊಳ್ಳಲು ಬಂದವರಿಗೆಲ್ಲ ಅದು ಬೈಯುತ್ತದೆ. ಗಿರಾಕಿಗಳು ಮೊದಲಿಗಿಂತ ಹೆಚ್ಚಾಗಿದ್ದಾರೆ.

ಅನಿಸೆತುವಿನ ಮನೆಯಲ್ಲಿ ಬೆಳಗಿನ ಕೆಲಸ ಬದಲಾಯಿತು. ಗಿಳಿ ತಿನ್ನುವ ಮೊದಲೇ ಅಡುಗೆಮನೆಯ ತಕ್ಕಡಿಯ ಮೇಲೆ ಅವನನ್ನು ನಿಲ್ಲಿಸುತ್ತಾರೆ. ಫೆಲಿಸ್ಬೆಲಾ ಸಿಹಿಗೆಣಸು ಬೇಯಿಸಿ ನುಣ್ಣಗೆ ಮಾಡುತ್ತಾಳೆ, ಗಿಳಿಗಳಿಗೆಂದೇ ಸಿಗುವ ಕಾಳಿನಂತಹ ಸಿದ್ಧ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಅದರೊಂದಿಗೆ ಕಲಸುತ್ತಾಳೆ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುತ್ತಾರೆ. ಕಾಫಿಯಲ್ಲಿ ಅದ್ದಿದ ರೊಟ್ಟಿ ಕೊಡುವುದು, ಬಾಯಿಂದ ಬಾಯಿಗೆ ತುತ್ತು ಕೊಡುವುದು ನಿಂತಿತು. ಅನಿಸೆತು ಉಳಿ ಸುತ್ತಿಗೆ ಹೊರಗೆ ತೆಗೆದು, ನಡುಗುವ ಕೈಯಿಂದಲೇ, ತಗ್ಗಾದ ಅಗಲವಾದ ಹೊಸ ಗೂಡು ಮಾಡಿದ. ಕೂರುವ ಕಡ್ಡಿಯ ಬದಲು ಚಪ್ಪಟೆ ಹಲಗೆ ಇಟ್ಟ, ಕಾಲು ಜಾರದಂತೆ ಹಗ್ಗ ಸುತ್ತಿದ. ಪಂಜರದ ಕಾಗದ ದಿನವೂ ಬದಲಾಗುತ್ತದೆ. ಬಟ್ಟಲುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಇಡುತ್ತಾರೆ. ಮೊದಮೊದಲು ತೂಕ ಏರಲಿಲ್ಲ. ಒಂದು ವಾರ ಇಳಿದೂ ಬಿಟ್ಟಿತು, ಆ ವಾರ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆಮೇಲೆ ಇಳಿಯುವುದು ನಿಂತಿತು. ಜೂನ್ ಹೊತ್ತಿಗೆ ಎದೆಮೂಳೆಯ ಬದಿಯ ಹಳ್ಳ ಸ್ವಲ್ಪ ತುಂಬಿತ್ತು. ತಲೆಯ ನಡುಕ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ವೈದ್ಯೆ ಇದಕ್ಕೆ ವಾಸಿಯಾಗಿದೆ ಅನ್ನಲಿಲ್ಲ. ನಿಂತಿದೆ, ನೋಡಿಕೊಳ್ಳುತ್ತಿರಿ ಎಂದರು.

ಹಬ್ಬದ ದಿನ ಅನಿಸೆತು ಗಿಳಿಯಿಲ್ಲದ ಬರೀ ಭುಜದಲ್ಲಿ ಮೆರವಣಿಗೆಯ ಮುಂದೆ ನಡೆದ. ಬಂದರಿನಲ್ಲಿ ಸಾರ್ಡೀನ್ ಸುಡುವ ಒಲೆಗಳ ಹೊಗೆಯ ನಡುವೆ ಉಪ್ಪಿನ ಬೀದಿಯ ಬ್ರಾಸ್ ಎಂಬವನು ಎದುರಾದ. ಅವನ ಮನೆಯಲ್ಲೂ ಒಂದು ಹಸಿರು ಗಿಳಿಯಿತ್ತು. ವರ್ಷಗಟ್ಟಲೆ ಅಲ್ಮಿರಾಂತೆಯ ಬಾಯಿಂದ ಹೇಳಿಸಿಕೊಂಡ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವ ದಿನ ಇದು ಅನ್ನಿಸಿರಬೇಕು ಅವನಿಗೆ.

"ಏನಪ್ಪಾ ಅನಿಸೆತು, ನಿಮ್ಮ ದಂಡನಾಯಕ ಹಾಸಿಗೆ ಹಿಡಿದನಂತೆ. ನಿಮ್ಮ ಬೀದಿ ತುಂಬ ಗಿಳಿರೋಗವಂತೆ."

ಅನಿಸೆತು ಕೈಯಲ್ಲಿದ್ದ ರೊಟ್ಟಿಯನ್ನೂ ಮೀನನ್ನೂ ಸಾವಕಾಶವಾಗಿ ತಿಂದು ಮುಗಿಸಿ ಬಾಯಿ ಒರೆಸಿಕೊಂಡ.

"ಹೌದು, ಎರಡು ಗಿಳಿಗಿದೆ," ಎಂದ. "ಯಾವ ಎರಡು, ಯಾವ ಮನೇಲಿ, ಈಗ ಎಷ್ಟು ತೂಗ್ತವೆ, ಅದೂ ಹೇಳ್ತೀನಿ ಬೇಕಾದ್ರೆ. ನಮ್ಮ ಬೀದೀಲಿ ಪರೀಕ್ಷೆ ಆಗದ ಗಿಳಿ ಒಂದೂ ಇಲ್ಲ. ನಿಮ್ಮ ಬೀದೀಲಿ ಎಷ್ಟು ಗಿಳಿಗೆ ಕಾಯಿಲೆ ಇದೆ?"

ಬ್ರಾಸ್ ಒಲೆಯ ಕಡೆ ಮುಖ ತಿರುಗಿಸಿದ. ದೋಣಿಬಡಗಿಗಳ ಬೀದಿಯವರು ಹಾಡಿಲ್ಲದೆಯೇ ಒಮ್ಮೆ ಜೋರಾಗಿ ಕೈ ತಟ್ಟಿದರು. ಆ ಚಪ್ಪಾಳೆಗೆ ತಲೆ ತಗ್ಗಿಸುವ ಕಾರಣ ಅನಿಸೆತುವಿಗೆ ಕಾಣಲಿಲ್ಲ.

ಮಾರನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಬ್ರಾಸ್ ನಿಂತಿದ್ದ. ಒಳಗೆ ಬರಲಿಲ್ಲ, ನೆಲ ನೋಡುತ್ತ ವೈದ್ಯೆಯ ನಂಬರು ಕೇಳಿದ. ತನ್ನ ಗಿಳಿ ಚೆನ್ನಾಗಿ ತಿನ್ನುತ್ತದೆ, ಆದರೂ ಯಾಕೋ ಸೊರಗಿದೆ ಎಂದ. ಅನಿಸೆತು ಗೇಲಿ ಮಾಡಲಿಲ್ಲ. ಎದೆ ಮುಟ್ಟಿ ನೋಡಿದೆಯಾ ಎಂದು ಕೇಳಿ, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ, ಅವನ ಜೊತೆ ಉಪ್ಪಿನ ಬೀದಿಯ ಕಡೆ ಹೊರಟ.

ಈ ಕಥೆ ಓದಿದವರಲ್ಲಿ, ಕೇಳಿದವರಲ್ಲಿ, ಸಾಕುಗಿಳಿ ಇರುವವರೇ, ನಾಳೆ ಬೆಳಿಗ್ಗೆ ನಿಮ್ಮ ಗಿಳಿಯ ಎದೆಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಗರಿ ನೋಡಿ ಮೋಸಹೋಗಬೇಡಿ, ತಿನ್ನುತ್ತಿದೆ ಎಂದು ನಿಶ್ಚಿಂತೆಯಾಗಿರಬೇಡಿ. ಹಿಕ್ಕೆಯಲ್ಲಿ ಇಡಿ ಕಾಳು ಕಂಡರೆ, ತಿಂದದ್ದನ್ನು ಕಕ್ಕುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ತಲೆ ನಡುಗಿದರೆ, ಕೂತಲ್ಲಿಂದ ಬಿದ್ದರೆ, ಅದನ್ನು ವಯಸ್ಸು ಅನ್ನಬೇಡಿ, ಆಟ ಅನ್ನಬೇಡಿ. ಹಕ್ಕಿಗಳನ್ನು ನೋಡಬಲ್ಲ ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ. ನೀವೇ ಕಾಯಿಲೆಯ ಹೆಸರು ಹೇಳಿ ನೀವೇ ಮದ್ದು ಕೊಡಬೇಡಿ, ಬೇರೆ ಕಾಯಿಲೆಗಳೂ ಇದೇ ವೇಷದಲ್ಲಿ ಬರುತ್ತವೆ. ಹೊಸ ಗಿಳಿ ತಂದರೆ ಪರೀಕ್ಷೆಯಾಗುವ ತನಕ ಬೇರೆ ಕೋಣೆಯಲ್ಲಿಡಿ, ಅದರ ಬಟ್ಟಲು ಬೇರೆ ಇರಲಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ವೈರಾಣು ಇದೆ ಎಂದು ಗೊತ್ತಾದ ಗಿಳಿಯನ್ನು ಬಿಟ್ಟುಬಿಡಬೇಡಿ, ಮಾರಬೇಡಿ, ಅದಕ್ಕೆ ನಿಮ್ಮ ಮನೆಯಲ್ಲಿ ಇನ್ನೂ ಬಹಳ ಬದುಕಿರಬಹುದು.

ಕಾಯಿಲೆಯನ್ನು ಮುಚ್ಚಿಡಬೇಡಿ. ನಿಮ್ಮ ಗಿಳಿಯ ಜೊತೆ ಯಾರ ಗಿಳಿ ಕೂತಿತ್ತೋ ಆ ಮನೆಗೆ ನೀವೇ ನಡೆದುಹೋಗಿ, ತಲೆ ಎತ್ತಿಕೊಂಡೇ ಹೇಳಿ.